ಗಂಟಲಿಗಿಳಿಯುವ ಕಷಾಯ

ಬೋಝೌ ಊರಿನ ಗಿಡಮೂಲಿಕೆ ಪೇಟೆಯಲ್ಲಿ ಪಾಂಗ್ ದೆಶಾನನಂತೆ ಬೇರು ಕೊಯ್ಯುವವರು ಇನ್ನೊಬ್ಬರಿರಲಿಲ್ಲ. ಅವನು ಹೆಚ್ಚಿದ ಪಿಯೋನಿ ಹೂಗಿಡದ ಬೇರಿನ ಬಿಲ್ಲೆಗಳು ಉಸಿರು ತಾಗಿದರೆ ಹಾರಿಹೋಗುವಷ್ಟು ತೆಳ್ಳಗಿರುತ್ತಿದ್ದವು. ಮೂವತ್ತೊಂದು ವರ್ಷ ಒಂದೇ ಅಂಗಡಿಯಲ್ಲಿ ಕತ್ತಿ ಹಿಡಿದ ಆ ಕೈಯಿಂದ ಐವತ್ತೆಂಟನೆಯ ವಯಸ್ಸಿನಲ್ಲಿ ಕತ್ತಿ ಜಾರತೊಡಗಿತು. ಥಂಡಿಯಿರಬೇಕೆಂದು ಹೆಂಡತಿ ರುಯಿಲಾನ್ ಬಿಸಿ ಶುಂಠಿನೀರಿನಲ್ಲಿ ಕೈ ಅದ್ದಿಸಿದಳು. ಚಳಿಗಾಲ ಕಳೆಯುವಷ್ಟರಲ್ಲಿ ಅಂಗಿಯ ಗುಂಡಿಯೂ ಅವನ ಬೆರಳಿಗೆ ಬಗ್ಗದಾಯಿತು.

ದೊಡ್ಡಾಸ್ಪತ್ರೆಯವರು ಪರೀಕ್ಷೆ ಮಾಡಿ, ಮೈಕೈ ಆಡಿಸುವ ನರಗಳು ಒಂದೊಂದಾಗಿ ಸಾಯುತ್ತಿವೆ, ಕೊಂಚ ನಿಧಾನಗೊಳಿಸುವ ಮಾತ್ರೆಯಿದೆ, ವಾಸಿಮಾಡುವ ಮದ್ದಿಲ್ಲ ಎಂದರು.

ಬಸ್ಸಿಳಿದ ರುಯಿಲಾನ್ ಗಂಡನನ್ನು ನೇರ ಯೂ ವೈದ್ಯರ ಬಳಿಗೆ ಕರೆದೊಯ್ದಳು. ಎಂಬತ್ತು ದಾಟಿದ ಆ ನಾಡಿವೈದ್ಯರ ಚೀಟಿಗಳಿಗೆ ಇಷ್ಟು ವರ್ಷ ಬೇರು ಕೊಯ್ದುಕೊಟ್ಟವನು ದೆಶಾನನೇ. ಅವರು ಎರಡೂ ಮಣಿಕಟ್ಟಿನ ನಾಡಿ ಹಿಡಿದು ಬಹಳ ಹೊತ್ತು ಕಣ್ಣುಮುಚ್ಚಿ ಕೂತರು.

"ಎಂಥೆಂಥವರನ್ನೋ ಎಬ್ಬಿಸಿ ನಡೆಸಿದೀರಿ ಸ್ವಾಮಿ, ಇವ್ರನ್ನೂ ಉಳಿಸ್ಕೊಡಿ," ಎಂದಳು ರುಯಿಲಾನ್.

"ಇದು ನನ್ನ ಕೈ ಮೀರಿದ್ದಮ್ಮ," ಎಂದರು ವೈದ್ಯರು. "ಊಟ ಸೇರೋ ಹಾಗೆ, ನಿದ್ದೆ ಬರೋ ಹಾಗೆ, ಕಫ ಕಟ್ಟದ ಹಾಗೆ ನೋಡ್ಕೋಬಹುದು. ಆಸ್ಪತ್ರೆ ಮಾತ್ರೆ ಮಾತ್ರ ಬಿಡಬೇಡಿ. ವಾಸಿ ಮಾಡ್ತೀನಿ ಅಂದ್ರೆ ಇವನೇ ನನ್ನ ಗಡ್ಡ ಹಿಡಿದು ಎಳೀತಾನೆ."

"ಎಳೆಯೋಕೆ ಕೈಲಿ ಶಕ್ತಿ ಎಲ್ಲಿದೆ?" ಎಂದು ದೆಶಾನ್ ನಕ್ಕ. ರುಯಿಲಾನ್ ನಗಲಿಲ್ಲ. ಮನೆಗೆ ಬರುವ ದಾರಿಯುದ್ದಕ್ಕೂ ವೈದ್ಯರ ಮೇಲೆ ಸಿಟ್ಟು ಕಾರಿದಳು.

ವೈದ್ಯರು ಬರೆದುಕೊಟ್ಟ ಚೀಟಿಯಂತೆ ಅಂಗಡಿಯಿಂದ ಬಂದ ಮೂಲಿಕೆಯ ಪೊಟ್ಟಣ ಬಿಚ್ಚಿದಾಗ ದೆಶಾನ್ ಮುಖ ಕಿವುಚಿದ.

"ಇದನ್ನ ಯಾರು ಕೊಯ್ದಿದ್ದು? ಕೊಡಲೀಲಿ ಕಡಿದ್ರಾ? ಇಷ್ಟು ದಪ್ಪಗಿದ್ರೆ ಸಾರ ಹೆಂಗೆ ಬಿಡತ್ತೆ?"

"ಹಂಗಾದ್ರೆ ನನಗೆ ಹೇಳ್ಕೊಡು ಮುದುಕಾ, ನಾನೇ ಕೊಯ್ತೀನಿ."

ಅಂದಿನಿಂದ ಅಂಗಡಿಯವರು ಇಡೀ ಬೇರುಗಳನ್ನೇ ಕಳಿಸಿದರು. ಎಷ್ಟು ಹೊತ್ತು ತೇವದಲ್ಲಿಡಬೇಕು, ಎಷ್ಟು ಮೆದುವಾದಾಗ ಕತ್ತಿ ಇಡಬೇಕು ಎಂದು ಅವನು ಕುರ್ಚಿಯಲ್ಲಿ ಕೂತು ಹೇಳಿದ. ರುಯಿಲಾನಳ ಬೆರಳುಗಳಲ್ಲಿ ಗಾಯವಿಲ್ಲದ ದಿನವಿರಲಿಲ್ಲ.

"ಚಪ್ಪಲಿಗೆ ಅಟ್ಟೆ ಹಾಕಿಸ್ಬಹುದು ಇದನ್ನ," ಎಂದು ಅವನು ಅಣಕಿಸುತ್ತಿದ್ದ.

"ಹಾಕಿಸಿ ನಿನ್ನ ಬೆನ್ನ ಮೇಲೇ ಸವೆಸ್ತೀನಿ," ಎನ್ನುತ್ತಿದ್ದಳು ಅವಳು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರಿಬ್ಬರೂ ಹಗಲೆಲ್ಲ ಒಟ್ಟಿಗಿದ್ದದ್ದು ಆಗಲೇ.

ಎರಡನೆಯ ವರ್ಷ ಕಷಾಯ ಅವನ ಗಂಟಲಲ್ಲಿ ಸಿಕ್ಕತೊಡಗಿತು. ನೀರಿನಂಥದ್ದು ಏನೇ ಕುಡಿದರೂ ಕೆಮ್ಮಿ ಕೆಮ್ಮಿ ಮುಖ ಕಪ್ಪಿಡುತ್ತಿತ್ತು. ಆಸ್ಪತ್ರೆಯ ನರ್ಸ್ ಮಂದ ಮಾಡಿ ಕೊಡಿ ಎಂದಿದ್ದಳು. ರುಯಿಲಾನ್ ಕಷಾಯಕ್ಕೆ ತಾವರೆಗಡ್ಡೆಯ ಹಿಟ್ಟು ಕದಡಿ, ಅಂಬಲಿಯಂತೆ ಕಾಯಿಸಿ, ಮೊದಲು ತಾನೇ ನುಂಗಿ ನೋಡಿದಳು. ಆಮೇಲೆ ಅವನ ಗದ್ದವನ್ನು ಎದೆಯ ಕಡೆಗೆ ಬಾಗಿಸಿ ಅರ್ಧ ಚಮಚ ಇಟ್ಟಳು. ಕೆಮ್ಮು ಬರಲಿಲ್ಲ. ಒಂದು ಬಟ್ಟಲು ಮುಗಿಯಲು ಮುಕ್ಕಾಲು ಗಂಟೆ ಹಿಡಿಯಿತು. ಅಷ್ಟು ಹೊತ್ತೂ ಅವಳು ಪೇಟೆಯ ಸುದ್ದಿಯನ್ನೆಲ್ಲ ಅವನಿಗೆ ಹೇಳಿದಳು.

ಕಡೆಗೆ ಮಾತೂ ನಿಂತಿತು. ಕೊಯ್ದ ಬಿಲ್ಲೆಯನ್ನು ಅವಳು ಕಿಟಕಿಯ ಬೆಳಕಿಗೆ ಹಿಡಿದರೆ ಅವನು ಎರಡು ಸಲ ರೆಪ್ಪೆ ಬಡಿಯುತ್ತಿದ್ದ, ಸಾಲದು ಎಂದು. ನಾಲ್ಕನೆಯ ವರ್ಷದ ಒಂದು ಬೆಳಿಗ್ಗೆ ಒಂದೇ ಸಲ ಬಡಿದ. ಅವಳು ನಂಬದೆ ಮತ್ತೆ ಹಿಡಿದಳು. ಮತ್ತೆ ಒಂದೇ ಸಲ.

"ಈಗಲಾದ್ರೂ ಒಪ್ಪಿದ್ಯಲ್ಲೋ," ಎಂದು ಅವಳು ಅವನ ಮಡಿಲಲ್ಲಿ ಮುಖವಿಟ್ಟು ಅತ್ತಳು.

ಆ ಶರತ್ಕಾಲದಲ್ಲಿ, ಮಧ್ಯಾಹ್ನದ ನಿದ್ದೆಯಲ್ಲೇ ದೆಶಾನ್ ಹೋದ. ಮೂರು ತಿಂಗಳ ಮೇಲೆ ಅಂಗಡಿಯವರು ಕರೆದಾಗ ರುಯಿಲಾನ್ ಬೇರು ಕೊಯ್ಯುವ ಕೆಲಸಕ್ಕೆ ಸೇರಿದಳು. ಅದೇ ಕಾಯಿಲೆಯ ಗಂಡನಿಗೆ ಮದ್ದು ಒಯ್ಯಲು ಬಂದ ಒಬ್ಬಳು ಒಮ್ಮೆ ಅವಳನ್ನು ಮೆಲ್ಲಗೆ ಕೇಳಿದಳು:

"ಅಕ್ಕಾ, ನಿಮ್ಮನೆಯವರಿಗೆ ಇದ್ರಿಂದ ವಾಸಿ ಆಯ್ತಾ?"

"ಇಲ್ಲಮ್ಮ."

"ಮತ್ತೆ ಅಷ್ಟು ವರ್ಷ ಯಾಕೆ ಕಷಾಯ ಕಾಯಿಸಿದ್ರಿ?"

"ಊಟ ಮಾಡ್ತಿದ್ರು, ನಿದ್ದೆ ಮಾಡ್ತಿದ್ರು. ದಿನಾ ನನ್ನ ಆಡ್ಕೋತಿದ್ರು," ಎಂದಳು ರುಯಿಲಾನ್. "ನಿಮ್ಮವ್ರಿಗೆ ನುಂಗೋಕಾಗತ್ತಾ?"

ಬಂದವಳು ಇಲ್ಲವೆಂದು ತಲೆಯಾಡಿಸುತ್ತಾ ಕಣ್ಣೀರು ಹಾಕಿದಳು. ರುಯಿಲಾನ್ ಕತ್ತಿ ಕೆಳಗಿಟ್ಟು, ಕೈ ಒರೆಸಿಕೊಂಡು ಎದ್ದಳು. "ಬನ್ನಿ, ಒಳಗೆ ಒಲೆ ಇದೆ. ಹೆಂಗೆ ಮಂದ ಮಾಡೋದು ಅಂತ ತೋರಿಸ್ತೀನಿ."