ಕಾಲು ತಾಸಿನ ಹಾಡು

ರೇಡಿಯೋ ಎಂಬ ಶಬ್ದ ಕಿವಿಗೆ ಬಿದ್ದರೆ ಈಗಲೂ ನನಗೆ ಮೈ ಉರಿಯುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಹಂಸಭಾವಿಯ ನಮ್ಮ ಮನೆಗೆ ಆ ಪೆಟ್ಟಿಗೆ ಬಂತು. ಮಾರಿದವನು ಹುಬ್ಬಳ್ಳಿಯ ಒಬ್ಬ ಏಜೆಂಟ. ಮೈಮೇಲೆ ಕೋಟು, ತಲೆಗೆ ಪಾವು ಸೇರು ಎಣ್ಣೆ. ಬ್ಯಾಟರಿ ಒಮ್ಮೆ ತುಂಬಿಸಿದರೆ ತಿಂಗಳುಗಟ್ಟಲೆ ನಡೆಯುತ್ತದೆ ಎಂದು ಅಪ್ಪನ ಮುಂದೆ ಆಣೆ ಹಾಕಿದ. ಅದು ವಾರ ತುಂಬುವುದರೊಳಗೆ ಗೊರ ಗೊರ ಎಂದು ಮಲಗಿಬಿಟ್ಟಿತು. ಅಪ್ಪ ಹುಬ್ಬಳ್ಳಿಗೆ ಹೋಗಿ ಕೇಳಿದರೆ ಆ ಮಹಾಶಯ ಮೊದಲು ನಮ್ಮೂರಿನ ಧೂಳಿನ ಮೇಲೆ ತಪ್ಪು ಹೊರಿಸಿದ, ಆಮೇಲೆ ದನಿ ಹಿಡಿಯುವ ತಂತಿ ಕಟ್ಟಿದ ಬೇವಿನ ಗಿಡದ ಮೇಲೆ. ಕಡೆಗೆ, "ನೀವು ಭಾಳ ಕೇಳ್ತೀರಿ ನೋಡ್ರಿ, ಅದಕ್ಕ ಹಿಂಗಾಗೇತಿ," ಅಂದನಂತೆ. ಕೇಳಲಿಕ್ಕಲ್ಲದೆ ಅದಕ್ಕೆ ಆರತಿ ಎತ್ತಲಿಕ್ಕೆ ತಂದಿದ್ದೆವೇನು?

ಇನ್ನು ಸರಕಾರದವರು. ಪೆಟ್ಟಿಗೆ ನಮ್ಮದು, ಕಿವಿ ನಮ್ಮದು, ಕೇಳುವುದಕ್ಕೆ ಲೈಸೆನ್ಸು ಮಾತ್ರ ಅವರದು. ಪೆಟ್ಟಿಗೆ ಮೂಕಾಗಿ ಕುಳಿತಿದ್ದರೂ ವರ್ಷ ವರ್ಷ ಪೋಸ್ಟಿನಲ್ಲಿ ದುಡ್ಡು ಕಟ್ಟಬೇಕು. ಕಟ್ಟಿಸಿಕೊಂಡು ಕೊಡುತ್ತಿದ್ದದ್ದೇನು? ಇಂಗ್ಲಿಷು, ಹಿಂದುಸ್ತಾನಿ, ಮತ್ತೆ ಇಂಗ್ಲಿಷು. ಕನ್ನಡ ಎಲ್ಲೋ ಒಂದಿಷ್ಟು, ಎಲೆಯ ತುದಿಗೆ ಉಪ್ಪು ಬಡಿಸಿದ ಹಾಗೆ.

ಆದರೂ ಅವ್ವ ಆ ಪೆಟ್ಟಿಗೆಯನ್ನು ಮಾರಗೊಡಲಿಲ್ಲ. ಅವಳ ತಮ್ಮ, ಅಂದರೆ ನನ್ನ ಸೋದರಮಾವ, ನಾಟಕ ಕಂಪನಿ ಸೇರಿದನೆಂದು ಅಜ್ಜ ಅವನನ್ನು ಮನೆಯಿಂದ ಹೊರಗೆ ಹಾಕಿದ್ದ. ಅವನು ಮುಂಬಯಿ ಸೇರಿದ ಮೇಲೆ ಅವ್ವ ಅವನ ಮುಖ ಕಂಡಿರಲಿಲ್ಲ. ಅಂಥವನು ಒಬ್ಬ ಅರಳೆ ದಲಾಲನ ಕೈಯಲ್ಲಿ ಹೇಳಿ ಕಳಿಸಿದ: ಬರುವ ಸೋಮವಾರ ಸಂಜೆ ಮುಂಬಯಿ ರೇಡಿಯೋದಲ್ಲಿ ಕಾಲು ತಾಸು ವಚನ ಹಾಡುತ್ತೇನೆ, ಅಕ್ಕ ಕೇಳಬೇಕು.

ಅಪ್ಪ ಮೊದಲೇ ಹಿರೇಕೆರೂರಿನ ಎಂಜಿನ್ನಿನ ಗಿರಣಿಯಲ್ಲಿ ಬ್ಯಾಟರಿ ತುಂಬಿಸಿ ತಂದಿಟ್ಟ. ಸೋಮವಾರ ಮಧ್ಯಾಹ್ನ ಹಚ್ಚಿ ನೋಡಿದರೆ ಜೀವವೇ ಇಲ್ಲ. ಬೆಳಗಿನ ಬಸ್ಸು ಹೋಗಿತ್ತು. ಆ ಬ್ಯಾಟರಿಯೋ, ತುಳುಕಿದರೆ ಮೈ ಸುಡುವ ನೀರು ತುಂಬಿದ ಗುಂಡುಕಲ್ಲು, ಹೊತ್ತು ನಡೆಯುವಂಥದ್ದಲ್ಲ. ಗಾಡಿ ಹೂಡೋಣವೆಂದರೆ ನಮ್ಮಲ್ಲಿ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಬಿತ್ತನೆಯ ಹದ ತಪ್ಪಿದರೂ ಇಡುವುದಿಲ್ಲ. ಈ ವಿಷಯದಲ್ಲಿ ಅವ್ವ ಅಪ್ಪನಿಗಿಂತ ಗಟ್ಟಿ. ಅವಳೇ ಅಡುಗೆ ಮನೆಯಿಂದ ಹೊರಗೆ ಬಂದಳು.

"ಗಾಡಿ ಹೂಡ್ರಿ," ಅಂದಳು. "ಪಾಪ ಬಂದ್ರ ನನಗ ಬರಲಿ. ಅಂವನ ದನಿ ಕೇಳಬೇಕು ನಾ."

ಅಪ್ಪ ಹೂಡಿದ. ಓಣಿಯವರೆಲ್ಲ ಬಾಗಿಲಿಗೆ ಬಂದು ನೋಡಿದರು. ಒಬ್ಬ ಮುದುಕಿಯಂತೂ ಅವ್ವನಿಗೆ ಕೇಳುವ ಹಾಗೆಯೇ ಛೀ ಅಂದಳು. ಗಿರಣಿಯವರು ನಮ್ಮದನ್ನು ಇಟ್ಟುಕೊಂಡು ತಮ್ಮ ತುಂಬಿದ ಬ್ಯಾಟರಿ ಕೊಟ್ಟು ಕಳಿಸಿದರು, ಪುಣ್ಯವಂತರು. ದೀಪ ಹಚ್ಚುವ ಹೊತ್ತಿಗೆ ಪೆಟ್ಟಿಗೆ ಮಾತಾಡಿತು.

ಮಾತಾಡಿದ್ದು ಯಾರು? ಯಾವನೋ ಸಾಹೇಬ. ಯುದ್ಧಕ್ಕೆ ಹಣ ಕೊಡಿರೆಂದು ಇಂಗ್ಲಿಷಿನಲ್ಲಿ ಕೊರೆಯುತ್ತಿದ್ದ. ಮಾವನ ಹೊತ್ತು ಬಂದರೂ ಆ ಪುಣ್ಯಾತ್ಮ ಬಾಯಿ ಮುಚ್ಚಲಿಲ್ಲ. ಯಾರೂ ಅವನನ್ನು ಮುಚ್ಚು ಅನ್ನಲೂ ಇಲ್ಲ. ಅವನದು ಮುಗಿದ ಮೇಲೆ ಮಾವನ ಹೆಸರನ್ನು ಇನ್ನೊಬ್ಬ ಹೇಳಿದ, ಅದೂ ತಪ್ಪಾಗಿ. ತಂಬೂರಿ ಮಿಡಿಯಿತು. "ಆ..." ಎಂದು ಮಾವ ದನಿ ಎತ್ತಿದ.

"ಅಂವನ ದನಿ ಇದು," ಅಂದಳು ಅವ್ವ, ನನ್ನ ಮೊಣಕೈ ಹಿಡಿದು.

ಅಷ್ಟೇ. ವೇಳೆಯಾಯಿತು ಅಂದರು, ಬ್ಯಾಂಡು ಬಾರಿಸಿದರು. ಅವ್ವ ಬಹಳ ಹೊತ್ತು ನನ್ನ ಮೊಣಕೈ ಬಿಡಲಿಲ್ಲ. ಮುಂದಿನ ಮಳೆಗಾಲದಲ್ಲಿ ಮಾವ ಮುಂಬಯಿಯಲ್ಲೇ ಜ್ವರ ಬಂದು ತೀರಿಕೊಂಡ.

ಅದಾದ ಮೇಲೆ ಆ ಏಜೆಂಟ ಹೊಸ ನಮೂನೆಯ ಪೆಟ್ಟಿಗೆ ಹೊತ್ತು ಮತ್ತೆ ಬಂದ. ಕಟ್ಟೆಯ ಮೇಲೆ ಕುಳಿತು, ಇದರಲ್ಲಿ ದನಿ ಗಂಟೆ ಬಾರಿಸಿದಂತೆ ಬರುತ್ತದೆ ಎಂದು ಹಲ್ಲು ಕಿಸಿದ. ಅವ್ವ ಅವನಿಗೆಂದು ನೀರಿನ ತಂಬಿಗೆ ಹಿಡಿದು ಬಂದಿದ್ದಳು.

"ನನ್ನ ತಮ್ಮ ಹಾಡೂದು ಉಳಿದೈತಿ. ಅದು ಬರ್ತೈತೇನ್ರಿ ಇದರಾಗ?"

ಅವನು ತುಸುವೂ ಯೋಚಿಸಲಿಲ್ಲ. "ಅದನ್ನ ಸರಕಾರದವರನ್ನ ಕೇಳ್ಬೇಕ್ರಿ ಅವ್ವಾರ. ನಮ್ಮ ಕಂಪನಿದು ಬರೇ ಪೆಟ್ಟಿಗಿ."

ಅವ್ವ ತಂಬಿಗೆಯನ್ನು ಅವನ ಮುಂದಿಡದೆ ಹಾಗೇ ಒಳಗೆ ಒಯ್ದಳು.