ಹದಿನೇಳು ಚುಕ್ಕಿ, ಆಮೇಲೆ ಆರು

1976ರಲ್ಲಿ ನಾನು ಹೊಸನಗರ ತಾಲ್ಲೂಕಿನ ಒಂದು ಸಣ್ಣ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದೆ. ಮದುವೆಗೆ ಮೊದಲು ನಾನು ಮಾಡಿದ ಒಂದೇ ನೌಕರಿ ಅದು. ಟ್ರಂಕ್ ಕಾಲ್ ಜೋಡಿಸಿದ ಮೇಲೆ ಬೋರ್ಡಿನ ಕೀಯನ್ನು ಹಿಂದಕ್ಕೆ ಸರಿಸಬೇಕು. ಇಲ್ಲದಿದ್ದರೆ ಇಬ್ಬರ ಮಾತೂ ನಮ್ಮ ಕಿವಿಗೆ ಬೀಳುತ್ತದೆ. ಓದಿದ ಕಾನ್ವೆಂಟ್ ಹಾಸ್ಟೆಲಿನ ಶಿಸ್ತೋ ಏನೋ, ನನ್ನ ಕೈ ತಾನಾಗಿಯೇ ಅದನ್ನು ಸರಿಸುತ್ತಿತ್ತು.

ಆಗ ತುರ್ತು ಪರಿಸ್ಥಿತಿ. ಸರ್ಕಾರದ ವಿರುದ್ಧ ಕರಪತ್ರ ಹಂಚಿದ ಮೇಷ್ಟ್ರೊಬ್ಬರು ತಲೆಮರೆಸಿಕೊಂಡಿದ್ದರು. ಅವರ ಹೆಂಡತಿ ಶಾರದಮ್ಮ, ಏಳು ತಿಂಗಳ ಬಸುರಿ, ಪ್ರತಿ ಶುಕ್ರವಾರ ನಮ್ಮ ಬೂತಿಗೆ ಬಂದು ತೀರ್ಥಹಳ್ಳಿಯ ಅಕ್ಕನೊಡನೆ ಮಾತಾಡುತ್ತಿದ್ದರು. ಒಂದು ದಿನ ಪೊಲೀಸ್ ಅಧಿಕಾರಿಯೊಬ್ಬರು ಬಂದು, "ಆ ಹೆಂಗಸಿನ ಮಾತು ಪೂರ್ತಿ ಕೇಳಿ ಬರೆದುಕೊಡಮ್ಮ. ಆರ್ಡರ್ ಇದೆ" ಎಂದರು.

ಆ ಶುಕ್ರವಾರ ಕೀ ಸರಿಸಲಿಲ್ಲ. ಬೆರಳು ಮಾತ್ರ ಅದರ ಮೇಲೇ ಇತ್ತು.

"ಹೊಸ ರಂಗೋಲಿ ಬರ್ಕೊ ಅಕ್ಕ. ಮೊದಲ ಸಾಲು ಹದಿನೇಳು ಚುಕ್ಕಿ. ಆಮೇಲೆ ಆರು. ಆಮೇಲೆ ಹನ್ನೊಂದು."

"ಆಯ್ತು. ನೀ ಸರಿಯಾಗಿ ಉಣ್ತೀಯಾ ಇಲ್ವಾ?"

ನನಗೆ ಸಮಾಧಾನವಾಯಿತು. ಬರೀ ರಂಗೋಲಿ ಎಂದು ಅಧಿಕಾರಿಗೆ ತಿಳಿಸಿದೆ. "ನಾಳೆ ಬರೆದ ಹಾಳೆ ತಾ. ರಂಗೋಲಿ ಹೌದೋ ಅಲ್ವೋ ನನ್ನ ಹೆಂಡ್ತಿ ಹೇಳ್ತಾಳೆ" ಎಂದರು.

ಹಾಸ್ಟೆಲಿನಲ್ಲಿ ಬೆಳೆದ ನಾನು ರಂಗೋಲಿ ಹಾಕಿದವಳೇ ಅಲ್ಲ. ಸಂಜೆ ಅಕ್ಕಿಯ ಕಲ್ಲು ಆರಿಸುತ್ತಿದ್ದ ಅಮ್ಮನಿಗೆ ಹಾಳೆ ತೋರಿಸಿದೆ.

"ಹದಿನೇಳಾದ್ಮೇಲೆ ಆರು ಬರುತ್ತಾ ಮಾರಾಯ್ತಿ? ಇದ್ರಲ್ಲಿ ಎಂತ ಬಿಡಿಸ್ತೀಯ? ಚುಕ್ಕಿ ಮೆಟ್ಟಿಲಿಳಿದ ಹಾಗೆ ಕಮ್ಮಿ ಆಗ್ಬೇಕು."

ಆ ಅಂಕಿಗಳಲ್ಲಿ ಬೇರೇನೋ ಇತ್ತು. ಹಾಗೇ ಕೊಟ್ಟರೆ ಮೇಷ್ಟ್ರು ಸಿಕ್ಕಿಬೀಳಬಹುದು. ಕೊಡದಿದ್ದರೆ ನನ್ನ ನೌಕರಿ ಹೋಗುತ್ತದೆ. ಅಮ್ಮ ನನ್ನ ಮುಖ ನೋಡಿದಳು. ಯಾರದ್ದೆಂದು ಕೇಳಲಿಲ್ಲ. ಮೊರ ಪಕ್ಕಕ್ಕಿಟ್ಟು, "ಬೇರೆ ಹಾಳೆ ತಗೊ. ಹದಿನೈದು, ಹದಿನಾಲ್ಕು, ಹದಿಮೂರು... ಎಂಟಕ್ಕೆ ನಿಲ್ಲಿಸು" ಎಂದಳು.

ಆ ಹಾಳೆಯನ್ನೇ ಕೊಟ್ಟೆ. ಸೋಮವಾರ ಅಧಿಕಾರಿ ಬಂದರು. "ನಮ್ಮನೆ ಬಾಗ್ಲಲ್ಲಿ ನಿನ್ನೆಯಿಂದ ಅದೇ ಕೂತಿದೆ. ದಾಟೋಕೂ ಬಿಡ್ತಿಲ್ಲ ನಮ್ಮನೆಯವಳು. ಇನ್ನು ಕೇಳೋದು ಬೇಡ ಬಿಡಮ್ಮ" ಎಂದು ನಕ್ಕರು.

ಮರುವರ್ಷ ತುರ್ತು ಪರಿಸ್ಥಿತಿ ಮುಗಿದ ಮೇಲೆ ಮೇಷ್ಟ್ರೇ ಮಗುವನ್ನೆತ್ತಿಕೊಂಡು ಬಂದು ತೀರ್ಥಹಳ್ಳಿಗೆ ಕಾಲ್ ಬುಕ್ ಮಾಡಿದರು. ಜೋಡಿಸಿ, ಕೀ ಸರಿಸಿದೆ. ಬೂತಿನ ಗಾಜಿನಾಚೆ ಅವರು ರಿಸೀವರನ್ನು ಮಗುವಿನ ಬಾಯಿಗೆ ಹಿಡಿದು ನಗುತ್ತಿದ್ದರು. ಏನು ಹೇಳಿದರೋ ನನಗೆ ಗೊತ್ತಿಲ್ಲ. ಗೊತ್ತಾಗದ ಹಾಗೆ ನೋಡಿಕೊಳ್ಳುವುದೂ ನನ್ನ ಕೆಲಸವೇ ಎಂದು ನಾನು ಕಲಿತದ್ದು ಆ ಕುರ್ಚಿಯಲ್ಲಿ ಕೂತು.