ಅಮ್ಮನ ಹಂಡೆಗೆ ಅಪ್ಪನ ಕಾಯಿಲು

ಮೊನ್ನೆ ನಮ್ಮ ಪುತ್ತೂರಿನ ಮನೆಯ ಗೀಸರು ಕೆಟ್ಟಿತು. ರಿಪೇರಿಗೆ ಬಂದಾತ ಅದರ ಹೊಟ್ಟೆಯೊಳಗಿಂದ ಸುಣ್ಣ ಮೆತ್ತಿದ ಕಾಯಿಲನ್ನು ಎಳೆದು, ಜೊತೆಗೆ ಸುಟ್ಟು ಕರಕಲಾದ ರಬ್ಬರ್ ವಾಶರನ್ನೂ ತೆಗೆದು ನನ್ನ ಅಂಗೈಗೆ ಹಾಕಿದ. ನಾನು ಅದನ್ನು ಮೂಗಿಗೆ ಹಿಡಿದೆ. ವಾಶರನ್ನು ಯಾರಾದರೂ ಮೂಸುತ್ತಾರೆಯೇ ಎಂದು ನೀವು ಕೇಳಬಹುದು. ಸೈಕಲ್ ಶಾಪಿನವನ ಮಗಳು ಮೂಸುತ್ತಾಳೆ.

ಸುಳ್ಯ ಪೇಟೆಯಲ್ಲಿ ಅಪ್ಪನ ಸೈಕಲ್ ಶಾಪು, ಅದರ ಹಿಂದೆಯೇ ನಮ್ಮ ಮನೆ. ಅಪ್ಪನಿಗೆ ಕೆಟ್ಟದ್ದನ್ನು ಸರಿಮಾಡುವುದಕ್ಕಿಂತ ಸರಿಯಿದ್ದದ್ದನ್ನು ಬಿಚ್ಚಿ ನೋಡುವುದರಲ್ಲೇ ಆಸಕ್ತಿ ಹೆಚ್ಚು. ಒಮ್ಮೆ ಗೋಡೆ ಗಡಿಯಾರ ಬಿಚ್ಚಿ ಜೋಡಿಸಿದಾಗ ಒಂದು ಸ್ಕ್ರೂ ಉಳಿದುಬಿಟ್ಟಿತು. ಗಡಿಯಾರ ಮಾತ್ರ ಓಡುತ್ತಲೇ ಇತ್ತು. "ಕಂಪೆನಿಯವರು ಒಂದು ಹೆಚ್ಚು ಹಾಕಿದ್ದಾರೆ, ಎಂತ ಮಾಡುದು!" ಎಂದು ಅಪ್ಪ ಅದನ್ನು ಜೋಪಾನವಾಗಿ ಡಬ್ಬಿಯಲ್ಲಿಟ್ಟರು.

ಎಂಬತ್ತರ ದಶಕದ ಒಂದು ಮಳೆಗಾಲ ನಾನು ಚೊಚ್ಚಲ ಬಾಣಂತಿಯಾಗಿ ತವರಿನಲ್ಲಿದ್ದೆ. ನಮ್ಮ ಕಡೆ ಬಾಣಂತಿ ಸ್ನಾನವೆಂದರೆ ಎರಡು ಚೊಂಬಿನ ಕೆಲಸವಲ್ಲ. ಮೈನೋವಿಗೆ ಒಳ್ಳೆಯದೆಂದು ನೆಕ್ಕಿ ಗಿಡದ ಸೊಪ್ಪು ಹಾಕಿ ಕುದಿಸಿದ ನೀರನ್ನು ನಲವತ್ತು ದಿನ ದಿನವೂ ಹಂಡೆ ಬರಿದಾಗುವ ತನಕ ಮೈಗೆ ಬೀಸಿ ಬೀಸಿ ಹೊಯ್ಯಬೇಕು. ಹೊಯ್ಯಲು ಅಜ್ಜಾವರದಿಂದ ದೇವಕಿಯಕ್ಕ ಬರುತ್ತಿದ್ದರು. ಹಂಡೆಯೊಲೆಗೆ ಬೆಂಕಿ ಹಾಕುವ ಕೆಲಸವನ್ನು ಮಾತ್ರ ಅಮ್ಮ ಯಾರಿಗೂ ಬಿಟ್ಟುಕೊಡಲಿಲ್ಲ.

ಅಮ್ಮನಿಗೋ ದಮ್ಮಿನ ಕಾಯಿಲೆ. ಹಸಿ ಸೌದೆಯ ಹೊಗೆಯಲ್ಲಿ ಊದಿ ಊದಿ ಹೊರಬಂದು ಗೋಡೆ ಹಿಡಿದು ನಿಂತರೆ, ಅವಳ ಎದೆಯ ಸೀಟಿ ಶಾಪಿನವರೆಗೆ ಕೇಳುತ್ತಿತ್ತು. ರಾತ್ರಿ ಮಲಗಲಾಗದೆ ಗೋಡೆಗೊರಗಿ ಕೂತೇ ಇರುತ್ತಿದ್ದಳು. ಹೊಗೆ ಬಿಡದಿದ್ದರೆ ಈ ಮಳೆಗಾಲ ದಾಟುವುದು ಕಷ್ಟ ಎಂದು ಡಾಕ್ಟರು ಅಪ್ಪನನ್ನು ಬದಿಗೆ ಕರೆದು ಹೇಳಿದ್ದರು.

"ದೇವಕಿ ಹಾಕಲಿ ಬೆಂಕಿ. ನೀನು ಆಚೆ ಹೋಗು," ಎಂದರು ಅಪ್ಪ.

"ನನ್ನ ಮಗಳ ಬಾಣಂತನ ಊರವರು ಮಾಡುದಾ? ನಾನು ಸತ್ತಿದ್ದೇನಾ?"

ಅಮ್ಮನ ಹತ್ತಿರ ವಾದ ಮಾಡಿ ಗೆದ್ದವರಿಲ್ಲ. ಅಪ್ಪ ಮಂಗಳೂರಿಗೆ ಹೋಗಿ ಕರೆಂಟಿನಲ್ಲಿ ನೀರು ಕಾಯಿಸುವ ಒಂದು ಕಾಯಿಲು ತಂದರು. ಒಲೆಗೆ ಹಂಡೆಯನ್ನು ಮಣ್ಣಿನಿಂದ ಕಟ್ಟಿ ಕೂರಿಸಿದ್ದರಲ್ಲ, ಕೆಳಗೆ ಕೈ ಹೋಗುವಷ್ಟು ಜಾಗವಿದ್ದದ್ದು ಹಿಂದುಗಡೆ ಹೊಗೆ ಹೋಗುವ ಕಂಡಿಯಲ್ಲಿ ಮಾತ್ರ. ಇನ್ನು ಬೆಂಕಿಯೇ ಇಲ್ಲದ ಮೇಲೆ ಹೊಗೆಗೆ ಕಂಡಿ ಯಾಕೆ? ಅಪ್ಪ ಅಲ್ಲೇ ಹಂಡೆಗೆ ತೂತು ಕೊರೆದು ಕಾಯಿಲು ಕೂರಿಸಿ, ಅದೇ ಕಂಡಿಯಿಂದ ವಯರು ಎಳೆದರು. ನೀರು ಸೋರದಂತೆ ಸೈಕಲ್ ಟ್ಯೂಬು ಕತ್ತರಿಸಿ ವಾಶರು ಹಾಕಿದರು. ತನ್ನ ತವರಿನಿಂದ ತಂದ ತಾಮ್ರದ ಹಂಡೆಗೆ ತೂತು ಬಿದ್ದಾಗ ಅಮ್ಮ ಮುಖ ತಿರುಗಿಸಿಕೊಂಡಳು.

"ಬಟನ್ ಬಂದ್ ಮಾಡದೆ ಚೊಂಬು ಮುಳುಗಿಸಬೇಡಿ. ಒಲೆಗೆ ಬೆಂಕಿ ತೋರಿಸಲೇಬೇಡಿ," ಎಂದು ಅಪ್ಪ ಎಲ್ಲರಿಗೂ ಹೇಳಿ, ಗುರುತಿಗೆ ಸ್ವಿಚ್ಚಿನ ಪಕ್ಕ ಸೈಕಲಿನ ಹಿಂಬದಿಯ ಕೆಂಪು ಗಾಜನ್ನು ಮೊಳೆ ಹೊಡೆದು ಕೂರಿಸಿದರು. ಮೊದಲ ದಿನ ಹಂಡೆ ಸಣ್ಣಗೆ ಗುಂಯ್‌ಗುಟ್ಟಿದಾಗ ಅಪ್ಪ ಅದಕ್ಕೆ ಕಿವಿಗೊಟ್ಟು ಕೂತದ್ದನ್ನು ನೀವು ನೋಡಬೇಕಿತ್ತು. "ಕೇಳಿತಾ? ನೀರು ಒಳಗಿಂದಲೇ ಕಾಯ್ತಾ ಉಂಟು!"

"ಹೊಗೆ ಇಲ್ಲ, ಬೂದಿ ಇಲ್ಲ. ಇದೆಂತ ಮಾಯೆ ಮಾರಾಯ್ರೆ!" ಎಂದು ದೇವಕಿಯಕ್ಕ ಒಲೆಯ ಬಾಯಿಗೆ ಬಗ್ಗಿ ನೋಡಿದರು.

ಮಾಯೆ ನಾಲ್ಕು ದಿನ ನಡೆಯಿತು. ಮಳೆಗಾಲದ ನಮ್ಮೂರ ಕರೆಂಟಿಗೆ ಬಲ್ಬು ಉರಿಸುವುದಕ್ಕೇ ತ್ರಾಣವಿರುತ್ತಿರಲಿಲ್ಲ. ನೀರು ಬಿಸಿಯಾಗುತ್ತಿತ್ತು, ಕುದಿಯುತ್ತಿರಲಿಲ್ಲ. ಬಾಣಂತಿಯ ಗತ್ತು ನೋಡಿ ನನ್ನದು! ಐದನೆಯ ದಿನ ಅಪ್ಪ ಶಾಪಿನಲ್ಲಿದ್ದಾಗ ನಾನು ಅಮ್ಮನಿಗೆ ಮುಖ ಊದಿಸಿ ಹೇಳಿದೆ: "ಈ ಕರೆಂಟಿನ ನೀರು ಮೈಗೆ ಹಿಡಿಯುದಿಲ್ಲಮ್ಮ. ಇವತ್ತೊಂದು ದಿನ ಬೆಂಕಿ ಹಾಕು."

ಅಮ್ಮ ಸ್ವಿಚ್ಚು ಬಂದ್ ಮಾಡಿ ಬೆಂಕಿ ಹಾಕಿದಳು. ಜ್ವಾಲೆ ಎಂದಿನ ದಾರಿ ಹಿಡಿದು ಹಿಂದಿನ ಕಂಡಿಗೆ ನುಗ್ಗಿತು. ಟ್ಯೂಬು ಸುಟ್ಟ ನಾತ, ಆಮೇಲೆ ಚುಯ್ಯೆಂಬ ಸದ್ದು. ಹಂಡೆಯ ನೀರೆಲ್ಲ ತೂತಿನಿಂದ ಒಲೆಗೆ ಬಿದ್ದು, ಬಚ್ಚಲು ತುಂಬ ಹೊಗೆಯೂ ಹಬೆಯೂ ಎದ್ದಿತು. ನಾನು ಓಡಿ ಹೋಗಿ ನೋಡಿದರೆ ಅಮ್ಮ ಬೂದಿಯ ರಾಡಿಯಲ್ಲಿ ಕೂತು, ಉಸಿರು ಸಿಗದೆ ಕೈಯಾಡಿಸುತ್ತಿದ್ದಳು. ಅವಳ ಉಗುರು ನೀಲಿಯಾಗಿತ್ತು. ಸತ್ತೇ ಹೋಗುತ್ತಾಳೆ ಎಂದುಕೊಂಡೆ.

ಡಾಕ್ಟರು ಬಂದು ಇಂಜೆಕ್ಷನ್ ಕೊಟ್ಟು ಹೋದ ಮೇಲೆ ಅಪ್ಪ ಕೇಳಿದರು, "ಯಾಕೆ ಹಾಕಿದೆ ಮಾರಾಯ್ತಿ?"

ಅಮ್ಮ ನನ್ನನ್ನು ನೋಡಲಿಲ್ಲ. "ಅಭ್ಯಾಸ. ಕೈ ಅದರಷ್ಟಕ್ಕೆ ಹಾಕಿತು."

ನಾನು ಮಗುವಿನ ತೊಟ್ಟಿಲು ತೂಗತೊಡಗಿದೆ. ಅಪ್ಪ ಕರಗಿದ ರಬ್ಬರನ್ನು ತಿರುಗಿಸಿ ತಿರುಗಿಸಿ ನೋಡಿ, "ಹಳೇ ಟ್ಯೂಬು ಹಾಕಿದೆ. ತಪ್ಪು ನನ್ನದೇ," ಎಂದರು. ಮರುದಿನ ಹೊಸ ಟ್ಯೂಬು ಕತ್ತರಿಸಿ ಹಾಕಿ, ವಯರು ಬದಲಿಸಿ, ಕಲ್ಲು ಮಣ್ಣು ತಂದು ಒಲೆಯ ಬಾಯಿ ಮುಚ್ಚಿಬಿಟ್ಟರು.

"ಬಾಣಂತಿ ಇರುವ ಮನೆಯಲ್ಲಿ ಒಲೆಗೆ ಮಣ್ಣು ಹಾಕುದಾ!" ಎಂದು ಅಮ್ಮ ಮಲಗಿದಲ್ಲಿಂದಲೇ ಕೂಗಿದಳು.

"ಕೂಗುವಷ್ಟು ಉಸಿರು ಬಂತಲ್ಲ, ಸಾಕು," ಎಂದರು ಅಪ್ಪ.

ಉಳಿದ ದಿನಗಳಲ್ಲಿ ನಾನು ಉಗುರು ಬೆಚ್ಚಗಿನ ನೀರಿನಲ್ಲೇ ತುಟಿಪಿಟಿಕ್ಕೆನ್ನದೆ ಮಿಂದೆ. ನನಗೇನೂ ಆಗಲಿಲ್ಲ. ತಿಂಗಳೊಳಗೆ ಅಮ್ಮ ರಾತ್ರಿ ಚಾಪೆಯ ಮೇಲೆ ಉದ್ದಕ್ಕೆ ಮಲಗತೊಡಗಿದಳು. ಆಮೇಲೆ ಎಷ್ಟೋ ಮಳೆಗಾಲ ದಾಟಿದಳು. ಅಪ್ಪ ಮಾತ್ರ ಶಾಪಿಗೆ ಬಂದವರಿಗೆಲ್ಲ "ಹಳೇ ಟ್ಯೂಬು ನಂಬಬೇಡಿ, ನನ್ನ ಹೆಂಡತಿಯ ಜೀವ ತೆಗೀತಿತ್ತು" ಎಂದು ಕೊನೆಯವರೆಗೂ ಹೇಳುತ್ತಿದ್ದರು. ಹೇಳಿದಾಗಲೆಲ್ಲ ನಾನೋ ಅಮ್ಮನೋ ಎದ್ದು ಒಳಗೆ ಹೋಗುತ್ತಿದ್ದೆವು. ಈಗ ಅಪ್ಪ ಅಮ್ಮ ಇಬ್ಬರೂ ಇಲ್ಲ.

"ಕಾಯಿಲ್ ಸರಿ ಉಂಟು ಅಮ್ಮ," ಎಂದ ಗೀಸರಿನಾತ, ಹೊಸ ವಾಶರು ಹುಡುಕುತ್ತಾ. "ವಾಶರ್‌ದೇ ತಪ್ಪು."

"ಅಲ್ಲ ಮಾರಾಯ," ಎಂದೆ. "ವಾಶರಿನ ತಪ್ಪಲ್ಲ. ಬೆಂಕಿ ಹಾಕಿಸಿದ್ದು ನಾನು."

ಆತ ಸ್ಕ್ರೂಡ್ರೈವರ್ ಕೆಳಗಿಟ್ಟ. "ಯಾವ ಬೆಂಕಿ ಅಮ್ಮ?"

ನಾನು ಬಚ್ಚಲಿನ ಮಣೆಯನ್ನು ಅವನ ಕಡೆಗೆ ಸರಿಸಿದೆ. "ಕೂತುಕೋ," ಎಂದೆ, "ಹೇಳ್ತೇನೆ."